ಸಾಲಕ್ಕೊಂದು ಹೆಣ್ಣು ನೋಡುವ ಶಾಸ್ತ್ರ

ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್ಪಿನ ಕನ್ನಡಿಗರಲ್ಲಿ ಗುರುಪ್ರಸಾದನಿಗೆ ತಿಳಿಯದ ವಿಷಯವೇ ಇಲ್ಲ ಎಂಬ ಮಾತಿದೆ. ಈ ಮಾತನ್ನು ಮೊದಲು ಆಡಿದವರು ಯಾರೆಂದು ಮೂಲ ಹುಡುಕಿಕೊಂಡು ಹೊರಟರೆ ಕಡೆಗೆ ಗುರುಪ್ರಸಾದನ ಮನೆ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ. ಅದೇನೇ ಇರಲಿ, ಯಾವ ಬಣ್ಣದ ಕಸದ ಡಬ್ಬಿಯನ್ನು ಯಾವ ವಾರ ಹೊರಗಿಡಬೇಕು, ಅತ್ತೆಮಾವಂದಿರ ವೀಸಾಕ್ಕೆ ಏನೇನು ಲಗತ್ತಿಸಬೇಕು, ಹಳೆಯ ಕಾರನ್ನು ವಾರ್ಷಿಕ ತಪಾಸಣೆಯಲ್ಲಿ ಪಾಸು ಮಾಡಿಸುವುದು ಹೇಗೆ ಎಂಬುದನ್ನೆಲ್ಲ ಆತ ಕೇಳುವ ಮೊದಲೇ ಹೇಳುತ್ತಾನೆ. ಹೇಳುವ ಮುಂಚೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಳ್ಳುತ್ತಾನೆ. ಕನ್ನಡಕ ಕೈಗೆ ಬಂತೆಂದರೆ ಸಲಹೆ ಹೊರಟಿತು ಎಂದು ಎಲ್ಲರಿಗೂ ಗೊತ್ತು. ಅವನ ಸಲಹೆ ಕೇಳಿ ಮೂರು ಕಾರುಗಳು ಫೇಲಾಗಿವೆ. ಆದರೂ ಜನ ಕೇಳುತ್ತಾರೆ, ಏಕೆಂದರೆ ಆತ ಪ್ರೀತಿಯಿಂದ ಹೇಳುತ್ತಾನೆ.

ಜೂನ್ ತಿಂಗಳಲ್ಲಿ ಅವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯಿತು. ಮೈಸೂರಿನಿಂದ ಅತ್ತೆ ಸಾವಿತ್ರಮ್ಮ ಬೇಸಿಗೆ ಕಳೆಯಲು ಬಂದಿದ್ದರು. ಅವರು ಬಂದ ಸಂತೋಷಕ್ಕೇ ಪೂಜೆ. ಊಟದ ಹೊತ್ತಿಗೆ ನೀಲಮ್ಮ ಒಂದು ಸುದ್ದಿ ಹೇಳಿದಳು. ನೀಲಮ್ಮ ಗದಗಿನ ಕಡೆಯವಳು, ನರ್ಸು. ಮೇನೂತ್ ರಸ್ತೆಯಲ್ಲಿರುವ ರೋಸ್‌ಬಾನ್ ಎಂಬ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತ, ಈಗ ಅಲ್ಲಿಯ ನರ್ಸುಗಳಿಗೆಲ್ಲ ಮುಖ್ಯಸ್ಥೆ.

“ನಮ್ಮ ಮಾಲಕರು ನೋರೀನ್ ಅಮ್ಮಾರಿಗೆ ವಯಸ್ಸಾತ್ರಿ,” ಎಂದಳು ನೀಲಮ್ಮ. “ಈ ಮನಿ ನೀನ ತಗೋ, ಮತ್ತ್ಯಾರಿಗೂ ಕೊಡೂದಿಲ್ಲ ಅಂದಾರ. ಬ್ಯಾಂಕಿಗೆ ಅರ್ಜಿ ಹಾಕೇನ್ರಿ. ಸರ್ಕಾರ ಜಾಮೀನು ನಿಂತು ಬ್ಯಾಂಕಿಂದ ಸಾಲ ಕೊಡಸೂ ಸ್ಕೀಮ್ ಅದು. ಆಗಲಿಲ್ಲಂದ್ರ ಜಾಗಾ ಮಾರಿಬಿಡ್ತಾರ. ಅಲ್ಲಿರೋ ಅಜ್ಜ-ಅಜ್ಜಿಗೋಳು ಒಬ್ಬೊಬ್ರು ಒಂದೊಂದು ಊರಿಗೆ ಹೋಗಬೇಕಾಗ್ತೈತ್ರಿ.”

ಪಂಕ್ತಿಯಲ್ಲಿ ಒಂದು ಕ್ಷಣ ಯಾರೂ ಪಾಯಸ ಬಡಿಸಿಕೊಳ್ಳಲಿಲ್ಲ. ನಮ್ಮವಳೊಬ್ಬಳು ಈ ದೇಶದಲ್ಲಿ ನರ್ಸಿಂಗ್ ಹೋಮಿನ ಒಡತಿಯಾಗುವುದೆಂದರೇನು! ಎಲ್ಲರಿಗೂ ತಮ್ಮ ಮನೆಯ ಮಗಳೇ ಗೆದ್ದಷ್ಟು ಹೆಮ್ಮೆಯಾಯಿತು. ಜೊತೆಗೆ, ಈ ಸಾಲದ ವಿಷಯ ಯಾರಿಗೆ ಗೊತ್ತು ಎಂಬ ಪ್ರಶ್ನೆಯೂ ಎದ್ದಿತು. ಆಗ ಗುರುಪ್ರಸಾದನ ಹೆಂಡತಿ ರತ್ನಾ ಕೋಸಂಬರಿ ಬಡಿಸುತ್ತ, “ಇವರ ಆಫೀಸಲ್ಲಿ ಅದೇ ಕೆಲ್ಸ ಅಲ್ವೇನ್ರೀ? ಲೋನ್ ಅಪ್ರೂವ್ ಮಾಡೋದು,” ಎಂದಳು.

ಇಲ್ಲಿ ಒಂದು ಮಾತು ಓದುಗರಿಗೆ ಗುಟ್ಟಾಗಿ ತಿಳಿಸಬೇಕು. ಗುರುಪ್ರಸಾದ ಕೆಲಸ ಮಾಡುವ ಕಂಪನಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅದರಲ್ಲಿ ಅವನ ಪಾತ್ರ, ಸಾಲ ಒಪ್ಪುವ ಗುಂಡಿ ಒತ್ತಿದರೆ ಪರದೆ ಹಸಿರಾಗುತ್ತದೆಯೇ, ತಿರಸ್ಕರಿಸುವ ಗುಂಡಿ ಒತ್ತಿದರೆ ಕೆಂಪಾಗುತ್ತದೆಯೇ ಎಂದು ಪರೀಕ್ಷಿಸುವುದು. ದಿನಕ್ಕೆ ನೂರಾರು ಸಾಲ ಮಂಜೂರು ಮಾಡುತ್ತಾನೆ, ನಿಜ. ಆದರೆ ಆ ಸಾಲಗಾರರು ಯಾರೂ ಭೂಮಿಯ ಮೇಲೆ ಇಲ್ಲ. ಹೆಂಡತಿಯ ಮಾತನ್ನು ಅಲ್ಲೇ ತಿದ್ದಬಹುದಿತ್ತು. ತಿದ್ದಲು ಬಾಯಿ ತೆರೆದೂ ತೆರೆದ. ಅಷ್ಟರಲ್ಲಿ ಸಾವಿತ್ರಮ್ಮ, “ನಮ್ಮ ಅಳಿಯಂದ್ರು ಅಂದ್ರೆ ಏನಂದ್ಕೊಂಡ್ರಿ!” ಎಂದು ಪಂಕ್ತಿಯ ಆ ತುದಿಯವರೆಗೂ ಕೇಳುವಂತೆ ಅಂದುಬಿಟ್ಟರು. ಗುರುಪ್ರಸಾದನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು.

“ಅಂಡರ್‌ರೈಟಿಂಗ್ ಅಂತ ಕರೀತಾರೆ ಇದನ್ನ,” ಎಂದ. “ಬ್ಯಾಂಕಿನವರು ಮೂರು ನೋಡ್ತಾರೆ ನೀಲಮ್ಮ. ಮನುಷ್ಯ ಹೇಗೆ, ಮನೆ ಹೇಗೆ, ಮನೆ ತುಂಬಿದ್ಯಾ ಇಲ್ವಾ. ಸಾಲ ತೀರಿಸೋದು ಅಲ್ಲಿರೋ ಜನ ಕೊಡೋ ಫೀಸಿಂದ ತಾನೇ? ಅದಕ್ಕೇ ಒಂದಿನ ಬಂದು ಕಣ್ಣಾರೆ ನೋಡ್ತಾರೆ. ಆಮೇಲೆ ರಿಪೋರ್ಟು ಸರ್ಕಾರದ ಕಡೆಗೆ ಹೋಗತ್ತೆ, ಅವರು ಜಾಮೀನು ಪತ್ರ ಕೊಡ್ತಾರೆ, ಕಂಡೀಷನ್ ಎಲ್ಲಾ ಮುಗಿಸಿದ್ಮೇಲೆ ಲಾಯರ್ ಆಫೀಸಲ್ಲಿ ಕ್ಲೋಸಿಂಗು. ಸಹಿ, ದುಡ್ಡು, ಬೀಗದ ಕೈ. ಅಷ್ಟೇ. ಈ ವಿಷಯ ನನಗೆ ಬಿಟ್ಬಿಡಿ.”

ಇಷ್ಟೂ ಸರಿಯಾಗಿಯೇ ಇತ್ತು. ಅವನು ಪರೀಕ್ಷಿಸುವ ಪರದೆಗಳ ತಲೆಬರಹಗಳು ಅದೇ ಕ್ರಮದಲ್ಲಿದ್ದವು.

“ಬರೂ ಬುಧವಾರನ ನೋಡಾಕ ಬರ್ತಾರಂತ್ರಿ,” ಎಂದಳು ನೀಲಮ್ಮ. “ಆದ್ರ ಅಣ್ಣಾರ, ನೀವೇನೂ ತ್ರಾಸ ತಗೋಬ್ಯಾಡ್ರಿ. ಇದ್ದದ್ದು ಇದ್ದಂಗ ತೋರಸ್ತೇನಿ.”

ಇದ್ದದ್ದು ಇದ್ದ ಹಾಗೆ! ಗುರುಪ್ರಸಾದ ಮನಸ್ಸಿನಲ್ಲೇ ಮರುಕಪಟ್ಟ. ಮೂವರು ತಂಗಿಯರ, ಇಬ್ಬರು ಸೋದರತ್ತೆ ಮಕ್ಕಳ ಮದುವೆ ಕುದುರಿಸಿದ ಅನುಭವಿ ಆತ. ಬ್ಯಾಂಕಿನವರು ಮನೆ ನೋಡಲು ಬರುವುದೆಂದರೆ ಹೆಣ್ಣು ನೋಡುವ ಶಾಸ್ತ್ರವಲ್ಲದೆ ಮತ್ತೇನು? ಗಂಡಿನ ಕಡೆಯವರು ಬಂದಾಗ ಮನೆ ಬಿಕೋ ಎನ್ನುತ್ತಿದ್ದರೆ ಯಾರು ತಾನೇ ಒಪ್ಪುತ್ತಾರೆ? ದೊಡ್ಡ ತಂಗಿಯನ್ನು ನೋಡಲು ಬಂದಾಗ ಪಕ್ಕದ ಮನೆಯ ಸೋಫಾ, ಎದುರು ಮನೆಯ ಟೀವಿ, ಹಿಂದಿನ ಬೀದಿಯಿಂದ ಇಬ್ಬರು ದೊಡ್ಡಪ್ಪಂದಿರು ಬಂದಿದ್ದರು. ಆ ದೊಡ್ಡಪ್ಪಂದಿರು ಯಾರೆಂದು ಇಂದಿಗೂ ತಂಗಿಗೆ ತಿಳಿಯದು. ಸಂಸಾರ ಮಾತ್ರ ಸುಖವಾಗಿದೆ. ಸುಳ್ಳು ಹೇಳುವುದು ಬೇರೆ, ಮನೆ ತುಂಬಿದ ಹಾಗೆ ಕಾಣಿಸುವುದು ಬೇರೆ ಎಂಬುದು ಅವನ ದೃಢವಾದ ನಂಬಿಕೆ.

ರೋಸ್‌ಬಾನ್ ನಲವತ್ತು ಜನರಿಗೆ ನೋಂದಣಿಯಾದ ಮನೆ. ಆಗ ಅಲ್ಲಿದ್ದವರು ಮೂವತ್ತಾರು. ಗುರುಪ್ರಸಾದನ ಲೆಕ್ಕ ಸುಲಭವಾಗಿತ್ತು. ಬೇಸಿಗೆಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರು ಲೀಕ್ಸ್‌ಲಿಪ್, ಮೇನೂತ್, ಕ್ಲಾಂಡಾಲ್ಕಿನ್‌ಗಳ ಮನೆಗಳಲ್ಲಿ ಕಿಟಕಿ ನೋಡುತ್ತ ಕೂತಿದ್ದಾರೆ. ಅವರಲ್ಲಿ ನಾಲ್ವರು ಬಂದು ರೋಸ್‌ಬಾನಿನ ಹಜಾರದಲ್ಲಿ ಎರಡು ಗಂಟೆ ಕಾಫಿ ಕುಡಿಯುತ್ತ ಕೂತರೆ ಯಾರಪ್ಪನ ಗಂಟು ಹೋಗುತ್ತದೆ?

ಈ ಯೋಜನೆಯನ್ನು ಆತ ಊಟದ ಮೇಜಿನಲ್ಲಿ ಮಂಡಿಸಿದಾಗ ಹದಿಮೂರು ವರ್ಷದ ಮಗಳು ಐಶು ಫೋನಿನಿಂದ ತಲೆಯೆತ್ತಿ, “ಡ್ಯಾಡ್, ದಟ್ಸ್ ಫ್ರಾಡ್, ಲೈಕ್,” ಎಂದಳು.

“ಫ್ರಾಡ್ ಅಲ್ಲ ಕಂದಾ, ಸಂಪ್ರದಾಯ,” ಎಂದ ಗುರುಪ್ರಸಾದ.

ಆತ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದು ಇಷ್ಟೇ: ನಾಲ್ಕು ಜನ ಹಿರಿಯರು ಬೇಕು, ಬುಧವಾರ ಬೆಳಗ್ಗೆ ರೋಸ್‌ಬಾನ್ ನರ್ಸಿಂಗ್ ಹೋಮಿಗೆ, ತಿಂಡಿ ಕಾಫಿ ಉಂಟು. ಇದು ಮೇನೂತ್ ತಲುಪುವ ಹೊತ್ತಿಗೆ ಹಿರಿಯರಿಗೆ ಉಚಿತ ತಪಾಸಣೆ ಎಂದಾಯಿತು. ಕ್ಲಾಂಡಾಲ್ಕಿನ್ ತಲುಪುವ ಹೊತ್ತಿಗೆ, ಗುರುಪ್ರಸಾದ ಒಂದು ಆಸ್ಪತ್ರೆ ಕೊಂಡಿದ್ದಾನೆ, ಆ ಖುಷಿಗೆ ಬಿಪಿ, ಶುಗರ್, ಕಣ್ಣು ಎಲ್ಲ ನೋಡಿಸುತ್ತಾನೆ, ಊಟವೂ ಇದೆ ಎಂದಾಯಿತು. ರತ್ನಾ ಮಾತ್ರ ಗಂಡ ಹೇಳಿದ ಪ್ರಕಾರ ನಾಲ್ವರಿಗೆ ಉಪ್ಪಿಟ್ಟು ಮಾಡಿ ಡಬ್ಬಿಗೆ ತುಂಬಿ, ಜೊತೆಗೆ ತಾಯಿ ಮೈಸೂರಿನಿಂದ ತಂದಿದ್ದ ಕೋಡುಬಳೆಯ ದೊಡ್ಡ ಡಬ್ಬಿಯನ್ನೂ ಇಟ್ಟುಕೊಟ್ಟಳು.

ಬುಧವಾರ ಬೆಳಗ್ಗೆ ರಜೆ ಹಾಕಿ, ಟೈ ಕಟ್ಟಿ, ಸಾವಿತ್ರಮ್ಮನವರನ್ನು ಕೂರಿಸಿಕೊಂಡು ಗುರುಪ್ರಸಾದ ರೋಸ್‌ಬಾನಿಗೆ ಹೋದಾಗ ಅಂಗಳದಲ್ಲಿ ಆಗಲೇ ಕಾರುಗಳು ನಿಂತಿದ್ದವು. ಮಕ್ಕಳು ಅಪ್ಪ ಅಮ್ಮನನ್ನು ಇಳಿಸಿ, “ಸಂಜೆ ಬಂದು ಕರ್ಕೊಂಡು ಹೋಗ್ತೀವಿ ಸಾರ್,” ಎಂದು ಕೈ ಬೀಸಿ ಆಫೀಸಿಗೆ ಹೊರಟೇಹೋದರು. ಜೂನ್ ತಿಂಗಳಾದರೂ ಸ್ವೆಟರು, ಮಂಕಿ ಟೋಪಿ, ಕಂಕುಳಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ಕವರು. ಇವರ ಮುಂದಾಳು ಭೀಮಪ್ಪನವರು, ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು.

“ಏನ್ ಸಾರ್ ಇಷ್ಟೊಂದು ಜನ?” ಎಂದ ಗುರುಪ್ರಸಾದ ಗಾಬರಿಯಾಗಿ.

“ಹತ್ತೊಂಬತ್ತು ಆದ್ವಿ. ಇನ್ನೊಂದು ಕಾರು ಬರೂದೈತಿ ಅಂತಾರ,” ಎಂದರು ಭೀಮಪ್ಪ. “ಮೊದಲ ಬಿಪಿನೋ, ಮೊದಲ ನಾಷ್ಟಾನೋ?”

ಪುಣ್ಯಕ್ಕೆ ಆ ಇನ್ನೊಂದು ಕಾರು ಬರಲಿಲ್ಲ. ನೀಲಮ್ಮನಿಗಾದರೂ ವಿಷಯ ತಿಳಿಸೋಣವೆಂದರೆ ಆಕೆ ಮಹಡಿಯ ಮೇಲೆ ಅಜ್ಜಿಯೊಬ್ಬರಿಗೆ ಉಸಿರು ಕಟ್ಟಿದೆಯೆಂದು ಡಾಕ್ಟರ ಜೊತೆ ಇದ್ದಳು. ಕೆಳಗಿದ್ದ ಹೊಸ ನರ್ಸು ಹುಡುಗಿ, ಇವರೆಲ್ಲ ನೀಲಮ್ಮನ ಊರಿನವರೇ ಇರಬೇಕೆಂದು ನಕ್ಕು ಒಳಗೆ ಬಿಟ್ಟುಬಿಟ್ಟಳು. ಹಜಾರದಲ್ಲಿ ಖಾಲಿ ಕುರ್ಚಿ ಎಂಬುದು ಉಳಿಯಲಿಲ್ಲ. ಸಾವಿತ್ರಮ್ಮ ಕೋಡುಬಳೆ ಡಬ್ಬಿ ತೆರೆದು ಐರಿಷ್ ಅಜ್ಜಿಯರ ಕೈಗೂ ಎರಡೆರಡು ಕೊಟ್ಟರು. ಮಿಕ್ ಎಂಬ ಮುದುಕರು, ಡಬ್ಲಿನ್ನಿನಲ್ಲಿ ನಲವತ್ತು ವರ್ಷ ಬಸ್ ಓಡಿಸಿದವರು, ಭೀಮಪ್ಪನವರ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡರು. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಪ್ರಯಾಣಿಕರನ್ನು ಬೈಯತೊಡಗಿದರು. ಪರಸ್ಪರ ಪೂರ್ತಿ ಅರ್ಥವಾಗುತ್ತಿತ್ತು. ಗುರುಪ್ರಸಾದ ಬಾಗಿಲಲ್ಲಿ ನಿಂತು ನೋಡಿದ. ಭಯ ಇಳಿದು ಮೆಲ್ಲಗೆ ಹೆಮ್ಮೆ ಏರಿತು. ಇಂಥ ತುಂಬಿದ ಮನೆಯನ್ನು ಯಾವ ಗಂಡಿನ ಕಡೆಯವರು ಬೇಡವೆನ್ನುತ್ತಾರೆ!

ಹತ್ತು ಗಂಟೆಗೆ ಅವರು ಬಂದರು. ಬ್ಯಾಂಕಿನ ಅಂಡರ್‌ರೈಟರ್ ಓರ್ಲಾ, ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಟ್ಯಾಬ್ಲೆಟ್ಟು. ಅವರ ಜೊತೆ ಜಾಮೀನು ಕೊಡುವ ಸರ್ಕಾರಿ ಕಚೇರಿಯ ಡೋನಲ್, ಎತ್ತರದ ಮನುಷ್ಯ, ಬಾಯಿಗೆ ಬೀಗ. ಗುರುಪ್ರಸಾದ ಅವರನ್ನು ಕೈಮುಗಿದು ಸ್ವಾಗತಿಸಿ, ತಾನು ಈ ಅರ್ಜಿಯ ಸಲಹೆಗಾರನೆಂದು ಪರಿಚಯ ಹೇಳಿಕೊಂಡ.

ಇಬ್ಬರೂ ಮೊದಲು ಚಾವಣಿ, ಮೋರಿ, ಬೆಂಕಿ ತಡೆಯುವ ಬಾಗಿಲು, ಅಡುಗೆಮನೆ ಎಲ್ಲ ನೋಡಿದರು. ಲಾಂಡ್ರಿ ಕೋಣೆಯ ಚಾವಣಿ ಸೋರುವುದನ್ನು ಬರೆದುಕೊಂಡರು. ಕಡೆಗೆ ಹಜಾರಕ್ಕೆ ಬಂದರು. ಓರ್ಲಾ ಬೆರಳು ಆಡಿಸುತ್ತ ಒಂದು ಸುತ್ತು ಎಣಿಸಿದರು. ನಿಂತರು. ಇನ್ನೊಂದು ಸುತ್ತು ಎಣಿಸಿದರು.

“ಅರ್ಜಿಯಲ್ಲಿ ಮೂವತ್ತಾರು ಎಂದಿದೆ. ನೋಂದಣಿ ನಲವತ್ತಕ್ಕೆ,” ಎಂದರು ಓರ್ಲಾ. “ಇಲ್ಲಿ ಐವತ್ತಕ್ಕೂ ಮೇಲಿದ್ದಾರೆ.”

ಗುರುಪ್ರಸಾದನ ಮುಖ ಅರಳಿತು. ಗಂಡಿನ ಕಡೆಯವರು ದೊಡ್ಡಪ್ಪಂದಿರನ್ನು ಗಮನಿಸಿದ್ದಾರೆ ಎಂದುಕೊಂಡ.

“ನೋಂದಣಿಗಿಂತ ಒಬ್ಬರು ಹೆಚ್ಚಿಗೆ ಇದ್ದರೂ ಈ ಮನೆಗೆ ಬೀಗ ಬೀಳುತ್ತದೆ. ಸಾಲದ ಮಾತು ಆಮೇಲೆ,” ಎಂದರು ಓರ್ಲಾ. “ಇವರೆಲ್ಲ ಯಾರು?”

ಅರಳಿದ ಮುಖ ಅಲ್ಲೇ ಬಾಡಿತು. ಅವನ ಅನುಭವದ ಯಾವ ಮದುವೆಯಲ್ಲೂ ಮನೆ ಹೆಚ್ಚು ತುಂಬಿತೆಂದು ಸಂಬಂಧ ತಪ್ಪಿರಲಿಲ್ಲ. “ಇವರು... ವಿಸಿಟರ್ಸ್ ಮೇಡಂ. ನೋಡಿ ಹೋಗಲು ಬಂದವರು.”

“ಯಾರನ್ನು ನೋಡಲು?”

ಗುರುಪ್ರಸಾದ ಗಾಬರಿಯಲ್ಲಿ ಹತ್ತಿರ ಇದ್ದವರತ್ತ ಬೆರಳು ಮಾಡಿದ. “ಮಿಕ್ ಅವರನ್ನು.”

“ಇಷ್ಟೂ ಜನರೂ?”

“ಅವರಿಗೆ ತುಂಬಾ ಬಳಗ ಮೇಡಂ.”

ಓರ್ಲಾ ಮಿಕ್ ಕಡೆ ತಿರುಗಿದರು. ಮಿಕ್ ಅವರನ್ನು ನೋಡಲು ಯಾರಾದರೂ ಬಂದು ಎಷ್ಟೋ ವರ್ಷವಾಗಿತ್ತು. ಅವರು ಬಾಯಲ್ಲಿದ್ದ ಕೋಡುಬಳೆಯನ್ನು ನಿಧಾನವಾಗಿ ನುಂಗಿ, ಮಂಕಿ ಟೋಪಿಗಳ ಸಾಲನ್ನೊಮ್ಮೆ ನೋಡಿ, ಎದೆಯುಬ್ಬಿಸಿ, “ಹೌದು, ಎಲ್ಲಾ ನನ್ನವರೇ,” ಎಂದುಬಿಟ್ಟರು.

ಮಾತು ಅಲ್ಲಿಗೆ ನಿಂತಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಅಳಿಯನ ಮಾನ ಕಾಪಾಡುವ ಹೊಣೆ ತಮ್ಮದೆಂದು ತಿಳಿದ ಸಾವಿತ್ರಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಅರುವತ್ತೆಂಟನೇ ಇಸವಿಯ ಪಿಯುಸಿಯ ಇಂಗ್ಲಿಷು ಅವರಲ್ಲಿ ಇನ್ನೂ ಭದ್ರವಾಗಿತ್ತು. “ವೆರಿ ಗುಡ್ ಹಾಸ್ಪಿಟಲ್, ಮೇಡಂ,” ಎಂದು ಶುರುಮಾಡಿ, ಪಕ್ಕದವರಿಂದ ಕೇಳಿದ್ದ ಕ್ಲಾಂಡಾಲ್ಕಿನ್ನಿನ ಸುದ್ದಿಯನ್ನೇ ಸೇರಿಸಿದರು. “ಮೈ ಸನ್-ಇನ್-ಲಾ ಈಸ್ ಪರ್ಚೇಸಿಂಗ್!”

ಆಗ ಡೋನಲ್ ಮೊದಲ ಬಾರಿಗೆ ಬಾಯಿ ತೆರೆದರು. “ಅರ್ಜಿ ಹಾಕಿದವರು ಶ್ರೀಮತಿ ನೀಲಮ್ಮ. ಹಿಂದೆ ನಿಂತು ಬೇರೆಯವರು ಕೊಳ್ಳುತ್ತಿದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟ ಹಾಗಾಯಿತು. ಸರ್ಕಾರ ಜಾಮೀನು ನಿಲ್ಲುವುದಿಲ್ಲ. ಓರ್ಲಾ, ಈ ಫೈಲ್ ಇಲ್ಲಿಗೆ ಮುಗಿಯಿತು.”

ಅದೇ ಹೊತ್ತಿಗೆ ಮೆಟ್ಟಿಲಿಳಿದು ನೀಲಮ್ಮ ಬಂದಳು. ಅಜ್ಜಿಗೆ ಉಸಿರು ಸರಿಹೋಗಿತ್ತು. ಈಗ ಇವಳ ಉಸಿರು ನಿಂತಿತು. ಹಜಾರವನ್ನು ನೋಡಿದಳು, ಟೋಪಿಗಳನ್ನು ನೋಡಿದಳು, ಡೋನಲ್ ಮುಖ ನೋಡಿದಳು, ಗುರುಪ್ರಸಾದನ ಟೈ ನೋಡಿದಳು. ಎಲ್ಲವೂ ಅರ್ಥವಾಗಿಹೋಯಿತು.

“ಅಣ್ಣಾರ,” ಎಂದಳು ಕನ್ನಡದಲ್ಲಿ, ದನಿ ಏರಿಸದೆ. “ಈ ಮನ್ಯಾಗ ಒಂದು ಕುರ್ಚಿ ಖಾಲಿ ಐತಿ ಅಂದ್ರ ಅದು ಯಾರ ಕುರ್ಚಿ ಅಂತ ನನಗ ಗೊತ್ತೈತ್ರಿ. ಅವರ ಕೈ ಹಿಡದು ಕುಂತಾಕಿ ನಾನು. ಅಲ್ಲಿ ಯಾರ್ಯಾರನ್ನೋ ತಂದು ಕುಂಡ್ರಸೂದೇನ್ರಿ?”

ಖಾಲಿ ಕುರ್ಚಿ ಎಂದರೆ ತುಂಬಬೇಕಾದದ್ದು ಎಂದಷ್ಟೇ ಗುರುಪ್ರಸಾದ ಅಂದುಕೊಂಡಿದ್ದ. ನೀಲಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಹನ್ನೆರಡು ವರ್ಷದ ದುಡಿಮೆ, ಮೂವತ್ತಾರು ಜನರ ಸೂರು, ಎಲ್ಲವೂ ಅವನ ಒಂದು ವಾಟ್ಸಾಪ್ ಸಂದೇಶದಿಂದ ಹೋಗುವುದರಲ್ಲಿತ್ತು.

“ನೀವು ಇಲ್ಲಿ ಯಾರು, ನಿಖರವಾಗಿ ಹೇಳಿ,” ಎಂದು ಓರ್ಲಾ ಕೇಳಿದರು.

ಗುರುಪ್ರಸಾದ ಒಮ್ಮೆ ಅತ್ತೆಯ ಕಡೆ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ಗಡಗಡನೆ ಹೇಳಿಬಿಟ್ಟ. “ಮೇಡಂ, ನಾನು ಮಾಲೀಕನಲ್ಲ. ಸಲಹೆಗಾರನೂ ಅಲ್ಲ. ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಸಾಲದ ವಿಷಯದಲ್ಲಿ ನನಗೆ ಗೊತ್ತಿರುವುದು ಗುಂಡಿಗಳ ಬಣ್ಣ ಮಾತ್ರ. ಈ ಜನರನ್ನು ಕರೆದವನು ನಾನು. ನೀಲಮ್ಮನಿಗೆ ಇದು ಏನೂ ತಿಳಿಯದು. ತಿಳಿದಿದ್ದರೆ ನನ್ನನ್ನು ಗೇಟಿನ ಒಳಗೇ ಬಿಡುತ್ತಿರಲಿಲ್ಲ.”

ಹೇಳಿ ಮುಗಿಸಿ ನಿಟ್ಟುಸಿರು ಬಿಟ್ಟ. ಇಂಗ್ಲಿಷಿನಲ್ಲಿ ಆಗುವ ಅವಮಾನ ಅಷ್ಟೇನೂ ಚುಚ್ಚುವುದಿಲ್ಲ. ಆದರೆ ಭೀಮಪ್ಪನವರು ಕಿವಿಗೆ ಕೈ ಇಟ್ಟುಕೊಂಡು, “ಏನಂದ್ಯೋ ತಮ್ಮಾ? ನಮಗೂ ತಿಳಿಯೂಹಂಗ ಹೇಳು,” ಎಂದರು. ಹತ್ತೊಂಬತ್ತು ಮುಖಗಳು ಅವನತ್ತ ತಿರುಗಿದವು. ಗುರುಪ್ರಸಾದ ಅದನ್ನೇ ಕನ್ನಡದಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

“ನಾನು ಆಸ್ಪತ್ರೆ ತಗೊಂಡಿಲ್ಲ. ಲೋನೂ ಕೊಡಲ್ಲ. ನಾನು... ಗುಂಡಿ ಒತ್ತಿ ನೋಡೋನು. ಸುಮ್ನೆ ಜಂಬ ಮಾಡ್ದೆ. ತಪ್ಪಾಯ್ತು.”

“ಅಂದ್ರೆ ಅಪ್ರೂವ್ ಮಾಡೋದು?” ಎಂದರು ಸಾವಿತ್ರಮ್ಮ ಸಣ್ಣ ದನಿಯಲ್ಲಿ.

“ಅದು ಪರೀಕ್ಷೆಗೆ ಅತ್ತೆ. ಸುಳ್ಳುಸುಳ್ಳೇ ಸಾಲ.”

ಸಾವಿತ್ರಮ್ಮ ಕೋಡುಬಳೆ ಡಬ್ಬಿಯ ಮುಚ್ಚಳ ಹಾಕಿದರು. ಗುರುಪ್ರಸಾದ ತನ್ನ ಬಾಳಿನಲ್ಲಿ ಅಂಥ ಸದ್ದನ್ನು ಕೇಳಿರಲಿಲ್ಲ.

ಡೋನಲ್ ಇನ್ನೂ ಒಪ್ಪಲಿಲ್ಲ. ಹೇಳಿದ್ದು ನಿಜವಿರಬಹುದು, ಆದರೆ ಇಲ್ಲಿ ವಾಸವಿರುವವರು ಯಾರು, ಬಂದವರು ಯಾರು ಎಂದು ಈಗಲೇ ತೋರಿಸಬೇಕು ಎಂದರು. ಓರ್ಲಾ, “ಇಲ್ಲಿಯ ನಿವಾಸಿಗಳು ದಯವಿಟ್ಟು ನಿಮ್ಮ ನಿಮ್ಮ ಕೋಣೆಗೆ ಹೋಗುತ್ತೀರಾ?” ಎಂದು ಕೇಳಿದರು. ಒಬ್ಬರೂ ಅಲ್ಲಾಡಲಿಲ್ಲ. ಎಷ್ಟೋ ತಿಂಗಳ ಮೇಲೆ ಅಲ್ಲಿ ಒಂದು ತಮಾಷೆ ನಡೆದಿತ್ತು. ಅದನ್ನು ಅರ್ಧಕ್ಕೆ ಬಿಟ್ಟು ಹೋಗಲು ಯಾರು ತಯಾರಿದ್ದಾರೆ? “ನಾವು ಇಲ್ಲೇ ಆರಾಮಾಗಿದ್ದೀವಿ,” ಎಂದು ಅಜ್ಜಿಯೊಬ್ಬರು ಹೆಣಿಗೆಯಿಂದ ತಲೆಯೆತ್ತದೆ ಉತ್ತರಿಸಿದರು. ಓರ್ಲಾ ಹೆಸರು ಹಿಡಿದು ಕರೆಯಹೊರಟರೆ ಕಿವಿ ಮಂದವಿದ್ದ ಭೀಮಪ್ಪನವರು ಎಲ್ಲ ಹೆಸರಿಗೂ ಕೈಯೆತ್ತತೊಡಗಿದರು.

ಆಗ ಗುರುಪ್ರಸಾದನ ತಲೆಯಲ್ಲಿ ಒಂದು ವಿಚಾರ ಬಂತು. ಈ ಕಥೆಯಲ್ಲಿ ಅವನಿಗೆ ಬಂದ ಒಂದೇ ಒಳ್ಳೆಯ ವಿಚಾರ ಇದು, ಆದ್ದರಿಂದ ಅದಕ್ಕೆ ತಕ್ಕ ಗೌರವ ಸಲ್ಲಬೇಕು. ಆತ ಹಜಾರದ ನಡುವೆ ನಿಂತು, ಎರಡೂ ಕೈ ಮುಗಿದು, ಛತ್ರದಲ್ಲಿ ಕೂಗುವ ಹಾಗೆ ದೊಡ್ಡದಾಗಿ ಕನ್ನಡದಲ್ಲಿ ಕೂಗಿದ: “ಎಲ್ಲರೂ ಹೊರಗಡೆ ಬರಬೇಕೂ! ಮೊದಲನೇ ಪಂಕ್ತಿಗೆ ಎಲೆ ಹಾಕಿದೆ!”

ಹತ್ತೊಂಬತ್ತು ಜನರೂ ಒಮ್ಮೆಗೇ ಎದ್ದರು. ಸಾವಿತ್ರಮ್ಮ ಮಂಡಿನೋವು ಮರೆತರು. ಭೀಮಪ್ಪನವರಿಗೆ ಕಿವಿ ಕೇಳಿಸಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಸ್ವೆಟರು, ಟೋಪಿ, ರಿಪೋರ್ಟು ಎಲ್ಲ ಬಾಗಿಲು ದಾಟಿದವು. ಅವರ ಹಿಂದೆ ಊರುಗೋಲು ಹಿಡಿದು ಮಿಕ್ ಕೂಡ ಹೊರಟರು. ಏನೆಂದು ಕರೆದರೋ ತಿಳಿಯದಿದ್ದರೂ ತಪ್ಪಿಸಿಕೊಳ್ಳಬಾರದ ಕರೆ ಎಂದು ಅವರಿಗೆ ಗೊತ್ತಾಗಿತ್ತು.

ಓರ್ಲಾ ಕುಳಿತವರನ್ನು ಎಣಿಸಿದರು. ಮಹಡಿಯ ಮೇಲೆ ಹಾಸಿಗೆ ಹಿಡಿದಿದ್ದವರ ಕೋಣೆಗಳನ್ನೂ ನೀಲಮ್ಮನ ಜೊತೆ ಹೋಗಿ ನೋಡಿ ಬಂದರು. ಬಾಗಿಲಲ್ಲಿ ಮಿಕ್ ಅವರ ತೋಳು ಹಿಡಿದು ನಿಲ್ಲಿಸಿ, “ಇವರೂ ಸೇರಿ ಮೂವತ್ತಾರು,” ಎಂದರು. ಡೋನಲ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಕುಲುಕುತ್ತಿದ್ದುದನ್ನು ನೀಲಮ್ಮ ನೋಡಿದಳು.

ಹೊರಗಡೆ ಎಲೆ ಇರಲಿಲ್ಲ. ಹತ್ತೊಂಬತ್ತು ಜನ ಹಿರಿಯರು ಅಂಗಳದಲ್ಲಿ ಸಾಲಾಗಿ ನಿಂತು ನಾಲ್ವರ ಉಪ್ಪಿಟ್ಟಿನ ಡಬ್ಬಿಯನ್ನೂ ಗುರುಪ್ರಸಾದನನ್ನೂ ಬದಲಿಸಿ ಬದಲಿಸಿ ನೋಡಿದರು. ಆ ನೋಟಕ್ಕೆ ಹೆದರಿ ಆತ ಮೂಲೆಯ ಅಂಗಡಿಗೆ ಓಡಿ, ಉದ್ದುದ್ದ ಹೆಚ್ಚಿ ಕರಿದ ಬಿಸಿ ಚಿಪ್ಸ್ ಪೊಟ್ಟಣಗಳನ್ನು ಹೊತ್ತು ತಂದ. ಆಲೂಗಡ್ಡೆಯ ಮೇಲೆ ವಿನೆಗರ್ ಸುರಿದದ್ದಕ್ಕೆ ಬೈಗುಳ ಬೇರೆ. ಭೀಮಪ್ಪನವರಂತೂ, ಬಿಪಿ ನೋಡದೆ ಕಳಿಸಿದರೆ ಕನ್ನಡ ಸಂಘಕ್ಕೆ ದೂರು ಕೊಡುತ್ತೇನೆಂದರು. ಕಡೆಗೆ ನೀಲಮ್ಮನೇ ಹೊರಗೆ ಬಂದು ಹತ್ತೊಂಬತ್ತು ಜನರ ಬಿಪಿಯನ್ನೂ ನೋಡಿ ಕಳಿಸಿದಳು. ಗುರುಪ್ರಸಾದ ತೋಳು ಮಡಿಸಿಕೊಂಡು ತಾನೂ ಸರದಿಯ ಕಡೆಯಲ್ಲಿ ನಿಂತ. ಅವನದು ಎಲ್ಲರಿಗಿಂತ ಹೆಚ್ಚಿತ್ತು.

ಮುಂದಿನ ವಾರಗಳಲ್ಲಿ ಆತ ಯಾರ ಮನೆಗೂ ಹೋಗಲಿಲ್ಲ. ಸಂಘದ ಪಿಕ್ನಿಕ್ಕಿಗೆ ಹೊಟ್ಟೆನೋವು ಎಂದ. ಕಸದ ಡಬ್ಬಿಯ ಬಣ್ಣ ಕೇಳಿ ಫೋನ್ ಬಂದರೆ, “ಊರ ಕೌನ್ಸಿಲ್ಲಿನವರನ್ನು ಕೇಳಿ,” ಎನ್ನುತ್ತಿದ್ದ. ಸಾವಿತ್ರಮ್ಮ ಅಳಿಯನಿಗೆ ಊಟ ಬಡಿಸುತ್ತಿದ್ದರು, ಎರಡನೇ ಸಲ ಬೇಕೇ ಎಂದು ಕೇಳುತ್ತಿರಲಿಲ್ಲ. ಅವನಿಗೆ ಅದಕ್ಕಿಂತಲೂ ಚಿಂತೆ ನೀಲಮ್ಮನ ಸಾಲದ್ದಾಗಿತ್ತು. ಏನಾಯಿತೆಂದು ಕೇಳುವ ಮುಖ ಅವನಿಗೆ ಇರಲಿಲ್ಲ.

ಆಗಸ್ಟ್ ಕೊನೆಯ ಒಂದು ಭಾನುವಾರ ನೀಲಮ್ಮನೇ ಬಂದಳು. ಬಾಗಿಲು ತೆಗೆದ ಗುರುಪ್ರಸಾದ ಒಳಗೆ ಬಾ ಎನ್ನುವುದನ್ನೂ ಮರೆತು ನಿಂತ.

“ಸರ್ಕಾರದ್ದು ಜಾಮೀನು ಪತ್ರ ಬಂತ್ರಿ ಅಣ್ಣಾರ,” ಎಂದಳು. “ಮೂರು ಕಂಡೀಷನ್ ಹಾಕ್ಯಾರ. ಲಾಂಡ್ರಿ ಚಾವಣಿ ರಿಪೇರಿ ಆಗಬೇಕು, ಅದು ಆತು. ಇನ್ಶೂರೆನ್ಸ್ ಆಗಬೇಕು, ಅದೂ ಆತು. ಮೂರನೇದ್ದು ನಿಮ್ಮ ಸಹಿ.”

“ನನ್ನ ಸಹಿ?”

“ಹೌದ್ರಿ. ಈ ಮನಿಗೂ ನಿಮಗೂ ಏನೂ ಸಂಬಂಧ ಇಲ್ಲ ಅಂತ ಲಾಯರ್ ಮುಂದ ಬರದು ಕೊಡಬೇಕಂತ. ಅದು ಕೈಗೆ ಬರೂತನಕ ಕ್ಲೋಸಿಂಗ್ ಇಲ್ಲ, ದುಡ್ಡು ಬಿಡೂದಿಲ್ಲ ಅಂದಾರ ಡೋನಲ್ ಸಾಹೇಬ್ರು.”

ಗುರುಪ್ರಸಾದ ನಿಧಾನವಾಗಿ ನೆಟ್ಟಗಾದ. ಎರಡು ತಿಂಗಳಿಂದ ಬಾಗಿದ್ದ ಬೆನ್ನು ಅದು. “ನನ್ನ ಸಹಿ ಇಲ್ದೆ ಆಗಲ್ವಂತಾ?” ಎಂದು ಇನ್ನೊಮ್ಮೆ ಕೇಳಿದ. ಆಗುವುದಿಲ್ಲವೆಂದು ಆಕೆ ಇನ್ನೊಮ್ಮೆ ಹೇಳಿದಳು. ಒಳಗಿನಿಂದ ಸಾವಿತ್ರಮ್ಮ, “ಯಾರು ಬಂದಿರೋದು? ಕಾಫಿ ಇಡ್ಲಾ?” ಎಂದರು.

ಕ್ಲೋಸಿಂಗ್ ದಿನ ಗುರುಪ್ರಸಾದ ಮದುವೆಗೆಂದು ಹೊಲಿಸಿದ್ದ ಸೂಟು ಹಾಕಿಕೊಂಡು ಹೋದ. ಮೇನೂತಿನ ಲಾಯರ ಕಚೇರಿಯಲ್ಲಿ ಉದ್ದನೆಯ ಮೇಜಿನ ತುಂಬ ಕಾಗದಗಳು: ಕ್ರಯಪತ್ರ, ಅಡಮಾನ ಪತ್ರ, ಜಾಮೀನು ಪತ್ರ, ನೋಂದಣಿ. ಒಂದು ಕಡೆ ನೋರೀನ್ ಮತ್ತು ಅವರ ವಕೀಲರು, ಇನ್ನೊಂದು ಕಡೆ ನೀಲಮ್ಮ, ಗದಗಿನಿಂದ ತಂದ ಇಳಕಲ್ ಸೀರೆಯ ಮೇಲೆ ಕೋಟು. ಎಲ್ಲಕ್ಕಿಂತ ಮೊದಲು ಗುರುಪ್ರಸಾದನ ಘೋಷಣೆ. ಲಾಯರಮ್ಮ ಅದನ್ನು ಗಟ್ಟಿಯಾಗಿ ಓದಿದರು. ಈತನಿಗೆ ರೋಸ್‌ಬಾನಿನಲ್ಲಿ ಒಡೆತನವಿಲ್ಲ. ಲಾಭದಲ್ಲಿ ಪಾಲಿಲ್ಲ. ಆಡಳಿತದಲ್ಲಿ ಕೈಯಿಲ್ಲ. ಸಾಲದ ವಿಷಯದಲ್ಲಿ ಯಾವ ಪರಿಣತಿಯೂ ಇಲ್ಲ. ಈತ ಕೊಟ್ಟ ಯಾವ ಸಲಹೆಯನ್ನೂ ಅರ್ಜಿದಾರರು ಪಾಲಿಸಿಲ್ಲ.

ಒಂದೊಂದು ಇಲ್ಲಕ್ಕೂ ಗುರುಪ್ರಸಾದ ಗಂಭೀರವಾಗಿ ತಲೆದೂಗಿದ. ಸನ್ಮಾನ ಸಭೆಯಲ್ಲಿ ಬಿನ್ನವತ್ತಳೆ ಓದುವಾಗಲೂ ಯಾರೂ ಇಷ್ಟು ತೃಪ್ತಿಯಿಂದ ಕೇಳಿರಲಾರರು. ಓದಿ ಮುಗಿದ ಮೇಲೆ ತನ್ನ ಹೆಸರನ್ನು ಮೊದಲಕ್ಷರಗಳೊಂದಿಗೆ ಪೂರ್ತಿಯಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಮಾಡಿದ.

ಆಮೇಲೆ ನೀಲಮ್ಮನ ಸರದಿ. ಒಂದಾದ ಮೇಲೊಂದು ಹಾಳೆಗೆ ಸಹಿ ಹಾಕಿದಳು. ಲಾಯರಮ್ಮ ಫೋನಿನಲ್ಲಿ ಯಾರೊಂದಿಗೋ ಮಾತಾಡಿ, “ಹಣ ಸಂದಿದೆ,” ಎಂದರು. ನೋರೀನ್ ಕೈಚೀಲದಿಂದ ಬೀಗದ ಕೈ ಗೊಂಚಲು ತೆಗೆದು ನೀಲಮ್ಮನ ಅಂಗೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿದರು. ನೀಲಮ್ಮ ಗೊಂಚಲನ್ನು ಕಣ್ಣಿಗೊತ್ತಿಕೊಂಡಳು. ಗುರುಪ್ರಸಾದ ಎದ್ದು ನಿಂತು ಕೈಮುಗಿದ. ಗದಗಿನ ಹುಡುಗಿ ಪರದೇಶದಲ್ಲಿ ಮೂವತ್ತಾರು ಜನರ ಮನೆಯನ್ನು ಉಳಿಸಿಕೊಂಡಳು. ತಾನು ಅಷ್ಟೆಲ್ಲ ಅಡ್ಡ ಬಂದರೂ ಉಳಿಸಿಕೊಂಡಳು. ಅವನಿಗೆ ತನ್ನ ಬಗ್ಗೆ ಅಲ್ಲದೆ ಇನ್ನೊಬ್ಬರ ಬಗ್ಗೆ ಇಷ್ಟೊಂದು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಆ ಸ್ಥಿತಿ ಮೆಟ್ಟಿಲು ಇಳಿಯುವವರೆಗೆ ಇತ್ತು. ಬೀದಿಗೆ ಬಂದೊಡನೆ ಆತ ಮನೆಗೆ ಫೋನ್ ಮಾಡಿದ.

“ರತ್ನಾ, ಆಯ್ತು ಕಣೇ! ಅತ್ತೆಗೂ ಕೇಳಿಸೋ ಹಾಗೆ ಸ್ಪೀಕರಿಗೆ ಹಾಕು. ನಾನು ಸಹಿ ಹಾಕೋವರೆಗೂ ಒಂದು ಪೈಸೆ ಬಿಡ್ಲಿಲ್ಲ ಬ್ಯಾಂಕಿನವರು!”

“ಸಹಿ ಹಾಕಿದ್ದು ಏನಂತ?” ಎಂದಳು ರತ್ನಾ.

“ನಾನು ಏನೂ ಅಲ್ಲ ಅಂತ.”

ಆ ಕಡೆ ಅಮ್ಮ ಮಗಳು ಇಬ್ಬರೂ ನಗತೊಡಗಿದರು. ಗುರುಪ್ರಸಾದ ಕೆಂಪಾಗಿ ಫೋನ್ ಇಡುವಷ್ಟರಲ್ಲಿ ಪಕ್ಕದಲ್ಲಿದ್ದ ನೀಲಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

“ಅಕ್ಕಾರ, ನಗಬ್ಯಾಡ್ರಿ. ಅಣ್ಣಾರು ಹೇಳಿದ್ದು ಖರೇನ ಐತಿ,” ಎಂದಳು, ಬೀಗದ ಕೈ ಗೊಂಚಲನ್ನು ಎದೆಗೆ ಒತ್ತಿಕೊಂಡು. “ಅವರ ಸಹಿ ಇಲ್ದ ಈ ಮನಿ ನನಗ ಆಗ್ತಿದ್ದಿಲ್ರಿ.”

ಇದು ಅಕ್ಷರಶಃ ನಿಜವಾಗಿತ್ತು. ಗುರುಪ್ರಸಾದ ರಸ್ತೆ ದಾಟುವಾಗ ನೀಲಮ್ಮನಿಗೆ ಅಡ್ಡ ಬರುತ್ತಿದ್ದ ಬಸ್ಸನ್ನು ಕೈಯೆತ್ತಿ ನಿಲ್ಲಿಸಿ, ಅವಳನ್ನು ಮುಂದೆ ಬಿಟ್ಟು ತಾನು ಹಿಂದಿನಿಂದ ನಡೆದ.